ಮುಖ ನೋಡಿ ಕಂಬ ಹತ್ತಿಸುತ್ತಿದ್ದ ಗ್ಯಾಂಗು

ಹೋದ ತಿಂಗಳು ಗಜೇಂದ್ರಗಡದ ಕರೆಂಟ್ ಆಫೀಸಿಗೆ ಹೊಸದಾಗಿ ಬಂದ ಮೂವರು ಲೈನ್‌ಮನ್ ಹುಡುಗರು ನಮ್ಮ ಮನೆಗೆ ಬಂದಿದ್ದರು. ಬೂಟು ಹೊಸವು, ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. "ಕಾಕಾ, ನೀವು ಭಾಳ ವರ್ಷ ಲೈನಿನ ಮ್ಯಾಲೆ ದುಡಿದವರು, ನಮಗ ನಾಕು ಮಾತು ಹೇಳ್ರಿ" ಅಂದರು. ಒಳಗಿನಿಂದ ನನ್ನ ಹೆಂಡತಿ, "ನಾಕಕ್ಕ ನಿಲ್ಲಸೂ ಮನಿಷ್ಯಾ ಅಲ್ಲಪಾ ಅವರು, ಚಾ ಕುಡದು ಲಗೂ ಎದ್ದು ಹೋಗ್ರಿ" ಅಂದಳು. ಆಕೆ ಹೇಳಿದ್ದು ಖರೇ. ಊಟ ಮುಗಿಸಿ ಬಂದ ಹುಡುಗರು ಹೋಗುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಷ್ಟು ಮಾತಾಡಿದರೂ ಹೇಳಬೇಕಾದದ್ದನ್ನೇ ಹೇಳಲಿಲ್ಲವಲ್ಲ ಅಂತ ಆಮೇಲೆ ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ಕಂಬ ಹೇಗೆ ಹತ್ತಬೇಕು, ಯಾವ ತಂತಿಗೆ ಯಾವ ಕೈ ಹಚ್ಚಬಾರದು ಅನ್ನುವುದನ್ನು ನಿಮಗೆ ತರಬೇತಿಯಲ್ಲಿ ಕಲಿಸಿರುತ್ತಾರೆ. ನಾನು ಯಾವ ವರ್ಷ ಏನಾದೆ ಅನ್ನುವುದು ನಿಮಗೂ ಬೇಡ, ನನಗೂ ನೆನಪಿಲ್ಲ. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರು ಬಿಟ್ಟು ನನ್ನ ನೌಕರಿ ಹೊರಗೆ ಕಾಲಿಡಲಿಲ್ಲ. ಈ ಮೂರೂ ಊರಿನಲ್ಲಿ ನಾನು ಕಲಿತದ್ದು ಒಂದೇ: ಕರೆಂಟು ತಂತಿಯಲ್ಲಿ ಹರಿಯುತ್ತದೆ, ಕೆಲಸ ಮಾತ್ರ ಮಂದಿಯ ಮನಸ್ಸಿನಲ್ಲಿ ಹರಿಯುತ್ತದೆ.

ಇದನ್ನೇ ಈಗ 'ಸಕಾರಾತ್ಮಕ ಮನೋಭಾವ' ಅನ್ನುತ್ತಾರಂತೆ. ಒಮ್ಮೆ ರೋಣದಲ್ಲಿ ನಮ್ಮನ್ನೆಲ್ಲ ಒಂದು ಹಾಲ್‌ನಲ್ಲಿ ಕೂಡಿಸಿ, ಟೈ ಕಟ್ಟಿದ ಒಬ್ಬ ಮಹಾಶಯರು ಇದರ ಮೇಲೆಯೇ ತರಬೇತಿ ಕೊಟ್ಟರು. ಮುಂಜಾನೆ ಎದ್ದು ಕನ್ನಡಿ ಮುಂದೆ ನಿಂತು ನಗಬೇಕು, 'ನಾನು ಮಾಡಬಲ್ಲೆ' ಅಂತ ಹೇಳಿಕೊಳ್ಳಬೇಕು ಅಂದರು. ನಮ್ಮ ಗ್ಯಾಂಗಿನ ಯಮನೂರಪ್ಪ, ಇವನ ಕಥೆ ಮುಂದೆ ಬರುತ್ತದೆ, ಎದ್ದು ನಿಂತ. ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟು ಎಂಟು ದಿನವಾಗಿ ಊರವರು ನಮ್ಮನ್ನು ಪಂಚಾಯಿತಿ ಖೋಲಿಯಲ್ಲಿ ಹಾಕಿ ಚಿಲಕ ಜಡಿದರೆ ಅಲ್ಲಿ ಕನ್ನಡಿ ಇರುವುದಿಲ್ಲವಲ್ಲ, ಆಗ ಏನು ಮಾಡಬೇಕು ಅಂತ ಕೇಳಿದ. ಅದನ್ನು ನಾಳೆ ಹೇಳುತ್ತೇನೆ ಅಂದರು ಅವರು. ಮರುದಿನ ಕರೆಂಟ್ ಇಲ್ಲದ್ದಕ್ಕೆ ತರಬೇತಿಯೇ ರದ್ದಾಯಿತು. ಪಾಪ, ಒಳ್ಳೆಯ ಮನುಷ್ಯ. ಆದರೆ ತನ್ನ ಮುಖ ತಾನು ನೋಡಿಕೊಂಡರೆ ಸಾಲದು ಅನ್ನುವುದನ್ನು ನನಗೆ ಅವರಿಗಿಂತ ಮೊದಲೇ ಒಬ್ಬರು ಕಲಿಸಿದ್ದರು.

ಅವರು ಫಕೀರಪ್ಪ ಮೇಸ್ತ್ರಿ. ರೋಣದಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಗ್ಯಾಂಗಿನ ಹಿರಿಯ ಅವರೇ. ದಪ್ಪ ಮೀಸೆ, ಸಣ್ಣ ದನಿ. ದಿನಾ ಮುಂಜಾನೆ ಲೈನಿಗೆ ಹೊರಡುವ ಮುಂಚೆ ಆಫೀಸಿನ ಮುಂದಿನ ಚಹಾ ಅಂಗಡಿಯಲ್ಲಿ ಗ್ಯಾಂಗಿನವರೆಲ್ಲ ಕೂಡಿ ಕೂರಲೇಬೇಕು. ಮೇಸ್ತ್ರಿ ಬಸಿಯಲ್ಲಿ ಚಹಾ ಸುರಿದುಕೊಂಡು ಉರುಬುತ್ತಾ, ಅದರ ಅಂಚಿನ ಮೇಲಿಂದ ಒಬ್ಬೊಬ್ಬರ ಮುಖ ನೋಡುವರು. ಯಾರ ಮುಖ ನೆಟ್ಟಗೆ ಕಾಣಲಿಲ್ಲವೋ ಅವನಿಗೆ, "ಇವತ್ತ ನೀ ಹಗ್ಗ" ಅಂದುಬಿಡುವರು. ಅಂದರೆ ಅವತ್ತು ಅವನು ಕಂಬ ಹತ್ತುವಂತಿಲ್ಲ. ಕೆಳಗೆ ನಿಂತು ಹಗ್ಗ ಹಿಡಿಯಬೇಕು, ಸಾಮಾನು ಮೇಲೆ ಕೊಡಬೇಕು. ಯಾಕೆ ಮುಖ ಸಣ್ಣದಾಗಿದೆ ಅಂತ ಯಾರೂ ಕೇಳಬಾರದು, ಅವನೂ ಹೇಳಬೇಕಾಗಿಲ್ಲ. ಮನೆಯಲ್ಲಿ ಜಗಳವಾಗಿರಲಿ, ಕೂಸಿಗೆ ಜ್ವರ ಬಂದಿರಲಿ, ಅದು ಅವನ ಹೊಟ್ಟೆಯ ಮಾತು.

ಹಗ್ಗ ಹಿಡಿದವನಿಗೆ ಅವಮಾನ ಅನ್ನಿಸಬಾರದು ಅಂತ ಇನ್ನೊಂದು ಪದ್ಧತಿಯನ್ನೂ ಮಾಡಿದ್ದರು. ಸಂಜೆ ಅವನಿಗೆ ಉಳಿದವರು ಮಿರ್ಚಿ-ಗಿರಮಿಟ್ ತಿನ್ನಿಸಬೇಕು. ಇದರಿಂದ ಒಂದು ಫಜೀತಿಯೂ ಆಯಿತು. ಸಂತೆಯ ದಿನ ನೋಡಿದರೆ ಗ್ಯಾಂಗಿನವರೆಲ್ಲರ ಮುಖವೂ ಹರಳೆಣ್ಣೆ ಕುಡಿದಂತೆ. ಮೇಸ್ತ್ರಿ ನಕ್ಕು, ಖರೇ ದುಃಖದಲ್ಲಿರುವವನು ಮಿರ್ಚಿ ಬಾಣಲಿಯ ಕಡೆ ಕಣ್ಣು ಹಾಯಿಸುವುದಿಲ್ಲ, ಏಳಿರಪ್ಪ ಕಳ್ಳರಾ, ಅಂತ ಎಬ್ಬಿಸುತ್ತಿದ್ದರು.

ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಮದುವೆಯಾದ ಹೊಸತು. ಹೆಂಡತಿ ತವರಿಗೆ ಹೋಗುತ್ತೇನೆ ಅಂದಳು, ನಾನು ಬೇಡ ಅಂದೆ, ರೊಟ್ಟಿ ತಿನ್ನದೆ ಬಾಗಿಲು ಬಡಿದು ಬಂದಿದ್ದೆ. "ಶರಣ್ಯಾ, ಇವತ್ತ ನೀ ಹಗ್ಗ" ಅಂದರು ಮೇಸ್ತ್ರಿ. ನಾನು ಉರಿದುಹೋದೆ. ನನಗೇನಾಗಿದೆ, ನಾನು ಹತ್ತುತ್ತೇನೆ ಅಂತ ವಾದಿಸಿದೆ. ಅವರು ಹಗ್ಗದ ತುದಿ ನನ್ನ ಕೈಗೆ ಕೊಟ್ಟು ಮುಂದೆ ನಡೆದರು. ಮಧ್ಯಾಹ್ನದ ಹೊತ್ತಿಗೆ ಸಿಟ್ಟು ಇಳಿದಿತ್ತು, ಹೊಟ್ಟೆ ಹಸಿದಿತ್ತು. ಸಂಜೆ ಮಿರ್ಚಿ ತಿನ್ನುತ್ತಾ ಕೂತಾಗ ಮೇಸ್ತ್ರಿ ಇಷ್ಟೇ ಹೇಳಿದರು: "ಮ್ಯಾಲೆ ಹ್ವಾದಾವಗ ಇರೂವು ಎರಡ ಕಣ್ಣು. ಅವೆರಡೂ ತಂತಿ ಮ್ಯಾಲ ಇರಬೇಕು, ಮನೀ ಮ್ಯಾಲ ಅಲ್ಲ." ಮನೆಗೆ ಹೋದವನೇ ಹೆಂಡತಿಗೆ ತವರಿನ ಬಸ್ಸು ಹತ್ತಿಸಿದೆ. ಆಕೆಗೆ ಇವತ್ತಿಗೂ ಫಕೀರಪ್ಪ ಮೇಸ್ತ್ರಿ ಅಂದರೆ ದೇವರು.

ಮೇಸ್ತ್ರಿಯ ದೊಡ್ಡತನವನ್ನು ಇನ್ನೂ ಸ್ಪಷ್ಟವಾಗಿ ಕಂಡದ್ದು ನರಗುಂದದ ಕಡೆಯ ಒಂದು ಹಳ್ಳಿಯಲ್ಲಿ. ಸುಟ್ಟ ಟಿ.ಸಿ. ಬದಲು ಹೊಸದು ಕೂಡಿಸಿ, ತಂತಿ ಜೋಡಿಸಿ ಕರೆಂಟ್ ಬಿಟ್ಟೆವು. ಊರವರು ತೆಂಗಿನಕಾಯಿ ಒಡೆದರು, ನಮ್ಮ ಹಣೆಗೆ ಭಂಡಾರ ಹಚ್ಚಿದರು. ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಅಕ್ಕ ತಲೆತುಂಬ ಹಿಟ್ಟು ಮಾಡಿಕೊಂಡು ಓಡಿ ಬಂದಳು, ಗಿರಣಿ ಹಿಂದಕ್ಕೆ ತಿರುಗುತ್ತಿದೆಯಂತೆ. ಆಕೆಯ ಬೆನ್ನಿಗೇ ಹೊಲದವರು ಬಂದರು, ಮೋಟಾರು ಓಡುತ್ತಿದೆ, ನೀರು ಬರುತ್ತಿಲ್ಲ. ಮೂರು ತಂತಿಯಲ್ಲಿ ಎರಡು ಅದಲಿ ಬದಲಿ ಆದರೆ ಹಾಗಾಗುತ್ತದೆ, ಮೋಟಾರೆಲ್ಲ ಉಲ್ಟಾ ತಿರುಗುತ್ತವೆ. ಈಗ ತಾನೇ ಭಂಡಾರ ಹಚ್ಚಿದ ಮಂದಿ ಅಂಗಿಯ ತೋಳು ಏರಿಸಲು ಶುರುಮಾಡಿದರು.

ನಮ್ಮ ಗ್ಯಾಂಗಿನಲ್ಲಿ ತಂತಿ ಮೇಲೆ ಕೊಟ್ಟವನೊಬ್ಬ, ಬಿಗಿದವನೊಬ್ಬ. ಮೇಸ್ತ್ರಿ ಯಾರ ಕಡೆಗೂ ತಿರುಗಿ ನೋಡಲಿಲ್ಲ. ಟಿ.ಸಿ. ಕಟ್ಟೆಯ ಮೇಲೆ ಹತ್ತಿ ನಿಂತು ಕೈಮುಗಿದರು. "ತಪ್ಪು ನಂದ್ರಿ. ಹೊಸಾ ಟಿ.ಸಿ. ಅಲ್ರೀ, ನಿಮ್ಮೂರಿಗೆ ಬರಾಕ ನಾಚಿ ಹಿಂದಕ ಹಿಂದಕ ಹೊಂಟದ. ಒಂದು ಚಾ ಕುಡಿಯೂದ್ರಾಗ ಮುಂದಕ ತಿರಗಸ್ತೀನಿ" ಅಂದರು. ಮೊದಲು ನಕ್ಕವಳು ಗಿರಣಿಯ ಅಕ್ಕನೇ. ಆಕೆ ನಕ್ಕ ಮೇಲೆ ಉಳಿದವರು ತೋಳು ಇಳಿಸಲೇಬೇಕಾಯಿತು. ತಂತಿ ಬದಲಿಸಿದೆವು, ಗಿರಣಿ ನೆಟ್ಟಗೆ ತಿರುಗಿತು, ಆಕೆಯ ಮನೆಯಲ್ಲೇ ರೊಟ್ಟಿ, ಎಣ್ಣೆಗಾಯಿ ಊಟವಾಯಿತು. ಆ ದಿನದ ನಂತರ ಮೇಸ್ತ್ರಿ ಬಾವಿಗೆ ಹಾರು ಅಂದಿದ್ದರೂ ನಾವು ಹಾರುತ್ತಿದ್ದೆವು. 'ಮಾತು ಬಲ್ಲವನಿಗೆ ಜಗಳವಿಲ್ಲ' ಅನ್ನುತ್ತಾರೆ. ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಆಡುವ ಮಾತಿಗೆ ಮಾತ್ರ ಆ ಶಕ್ತಿ ಇರುತ್ತದೆ.

ಮೇಸ್ತ್ರಿ ಹೋದರು, ವರ್ಷಗಳು ಉರುಳಿದವು, ಗಜೇಂದ್ರಗಡದಲ್ಲಿ ನಾನೇ ಮೇಸ್ತ್ರಿಯಾದೆ. ಚಹಾ ಅಂಗಡಿ ಬೇರೆ, ಪದ್ಧತಿ ಅದೇ. ಅಲ್ಲಿ ನನ್ನ ಗ್ಯಾಂಗಿನ ಜೀವ ಅಂದರೆ ಯಮನೂರಪ್ಪ. ಪುರ್ತಗೇರಿಯವನು, ವಯಸ್ಸು ಮೂವತ್ತು ದಾಟಿದ ಮೇಲೆ ನೌಕರಿ ಸಿಕ್ಕಿತ್ತು, ಇನ್ನೂ ಖಾಯಂ ಆಗಿರಲಿಲ್ಲ. ಕಂಬ ಹತ್ತಿದರೆ ಮಂಗ, ಬಾಯಿ ತೆರೆದರೆ ಭಜನೆಯ ಮೇಳ. ಸಿಮೆಂಟಿನ ಕಂಬ ಎತ್ತುವಾಗ ಎಲ್ಲರ ಕೈ ಒಂದೇ ಕ್ಷಣಕ್ಕೆ ಜಗ್ಗಬೇಕು, ಅದಕ್ಕೆ ಒಬ್ಬ ಕೂಗು ಹಾಕಬೇಕು. ಆ ಕೆಲಸ ಅವನದು. "ಎತ್ತಿರೋ ಕಂಬ" ಅನ್ನುವನು, ನಾವೆಲ್ಲ "ಐಸಾ". "ಸಾಹೇಬಗ ಜಂಬ" ಅನ್ನುವನು, ನಾವೆಲ್ಲ ಇನ್ನೂ ಜೋರಾಗಿ "ಐಸಾ". ಯಾವ ಸಾಹೇಬರು ಬಂದರೂ ಅದೇ ಪದ. ಹಿಂದಿನ ಸಾಹೇಬರಂತೂ ದೂರ ನಿಂತು ತಾವೂ ಐಸಾ ಅನ್ನುತ್ತಿದ್ದರು.

ಆಮೇಲೆ ಸುಮಾ ಮೇಡಂ ಬಂದರು. ಮಂಡ್ಯದ ಕಡೆಯವರು, ಸಣ್ಣ ವಯಸ್ಸು, ಸೆಕ್ಷನ್ ಆಫೀಸರ್ ಆಗಿ ಮೊದಲ ಊರೇ ಇದು. ಬಂದ ವಾರದಲ್ಲೇ ನಾವು ಚಹಾ ಅಂಗಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತದ್ದು ಅವರ ಕಣ್ಣಿಗೆ ಬಿತ್ತು. ಕೆಲಸದ ಹೊತ್ತಿನಲ್ಲಿ ಇದೇನು ಅಂತ ಕೇಳಿದರು. ನಾನು ವಿವರಿಸಿದೆ. ಇದು ಯಾವ ನಿಯಮದಲ್ಲಿದೆ ಅಂದರು. ನಿಯಮದಲ್ಲಿ ಇಲ್ಲ ಅಂದೆ. ಹಾಗಾದರೆ ನಾಳೆಯಿಂದ ಯಾರು ಎಲ್ಲಿ ಹತ್ತಬೇಕು ಅನ್ನುವುದನ್ನು ನಾನೇ ಹಂಚುತ್ತೇನೆ ಅಂದರು. ಅವರ ಲೆಕ್ಕದಲ್ಲಿ ಅದೂ ಸರಿಯೇ. ಕೂತು ಚಹಾ ಕುಡಿಯುವ ಗಂಡಸರನ್ನು ನೋಡಿದರೆ ಯಾವ ಹೆಣ್ಣುಮಗಳಿಗೆ ಕೆಲಸ ನಡೆಯುತ್ತಿದೆ ಅನ್ನಿಸೀತು?

ಮುಂದಿನ ವಾರ ಬಸ್‌ಸ್ಟ್ಯಾಂಡಿನ ಹಿಂದೆ ಕಂಬ ಎತ್ತುತ್ತಿದ್ದೆವು. ಯಮನೂರಪ್ಪ ಎಂದಿನಂತೆ ಕೂಗಿದ, ಸಾಹೇಬನ ಜಾಗದಲ್ಲಿ ಮೇಡಂ ಅಂತ ಸೇರಿಸಿದ. "ಮೇಡಮ್ಮಗ ಜಂಬ." ನಾವು ಐಸಾ ಅಂದು ತಿರುಗಿದರೆ ಹಿಂದೆಯೇ ಮೇಡಂ ನಿಂತಿದ್ದಾರೆ. ಮುಖ ಕೆಂಪಾಗಿತ್ತು. ಆಫೀಸಿನ ಕಡೆ ತಿರುಗಿ ಹೋದರು. ಸಂಜೆ ಅವನನ್ನು ಕರೆದು, ನಿಮ್ಮ ಖಾಯಂ ವಿಷಯಕ್ಕೆ ನಾನು ರಿಪೋರ್ಟ್ ಕಳಿಸಬೇಕು, ಅದರಲ್ಲಿ ನಡವಳಿಕೆಯ ಬಗ್ಗೆಯೂ ಬರೆಯಬೇಕಾಗುತ್ತದೆ ಅಂದರಂತೆ. ಅವನು ಹೊರಗೆ ಬಂದಾಗ ಬಾಯಿಗೆ ಬೀಗ ಬಿದ್ದಿತ್ತು. ಅವನ ಹೆಂಡತಿ, ಎರಡು ಮಕ್ಕಳು, ಅವನೊಬ್ಬನ ದುಡಿಮೆ. ಆ ಪದ ಹಳೆಯದು, ನಿಮಗಂತಲೇ ಕಟ್ಟಿದ್ದಲ್ಲ ಅಂತ ಮೇಡಂಗೆ ಒಬ್ಬರಾದರೂ ಹೇಳಬಹುದಿತ್ತು. ಹೇಳಹೋದರೆ ನಮ್ಮ ಹೆಸರೂ ಬಂದೀತು ಅಂತ ಎಲ್ಲರಿಗೂ ಹೆದರಿಕೆ.

ಅಲ್ಲಿಂದ ನಮ್ಮ ಆಫೀಸು ಮಸಣದಂತಾಯಿತು ನೋಡಿ. ಹೊರಗಿನವರಿಗೆ ಶಿಸ್ತು ಬಂದಂತೆ ಕಾಣುತ್ತಿತ್ತು. ಮೇಲಿನ ಸಾಹೇಬರು ಹೊಗಳಿದರು ಕೂಡ. ಒಳಗಿನ ಹಕೀಕತ್ತು ಬೇರೆ. ಒಬ್ಬನ ಕೆಲಸ ಇನ್ನೊಬ್ಬನಿಗೆ ಬೇಡ. ಆ ಕಂಬದ ಬುಡ ಸಡಿಲಾಗಿದೆ ಹುಷಾರು ಅಂತ ಮೊದಲು ಒಬ್ಬರಿಗೊಬ್ಬರು ದಾರಿಯಲ್ಲೇ ಹೇಳಿಕೊಳ್ಳುತ್ತಿದ್ದೆವು, ಈಗ ಅದೂ ನಿಂತಿತು. ಕೂಗಿಲ್ಲದೆ ಎತ್ತಿದ ಕಂಬ ಎರಡು ಸಲ ಜಾರಿತು. ನನಗೆ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮಧ್ಯಾಹ್ನ ಮೇಡಂ ಒಬ್ಬರೇ ಖೋಲಿಯಲ್ಲಿ ಕೂತು ಊಟ ಮಾಡುವುದು ಕಿಟಕಿಯಿಂದ ಕಾಣುತ್ತಿತ್ತು. ಡಬ್ಬಿ ಅರ್ಧಕ್ಕೆ ಮುಚ್ಚಿಬಿಡುತ್ತಿದ್ದರು. ನಾನು ಅದನ್ನು ನೋಡಿದ್ದೆ, ಆದರೆ ಮೇಸ್ತ್ರಿಯ ಕಣ್ಣಿನಿಂದ ನೋಡಿರಲಿಲ್ಲ. ನಮ್ಮ ಪದ್ಧತಿ ಕಂಬ ಹತ್ತುವವರಿಗಷ್ಟೇ ಅಂತ ತಿಳಿದಿದ್ದೆ.

ಮಳೆಗಾಲಕ್ಕೆ ಮುಂಚಿನ ಗಾಳಿ ಬಂತು. ಲಕ್ಕಲಕಟ್ಟಿಯ ಕಡೆ ಹೋಗುವ ಲೈನಿನ ಕಂಬಗಳು ಸಾಲಾಗಿ ಮಲಗಿದವು. ಊರಿಗೆ ಕುಡಿಯುವ ನೀರಿನ ಮೋಟಾರು ಬಂದ್. ಮುಂಜಾನೆಯೇ ಎಲ್ಲರೂ ಹೋದೆವು, ಮೇಡಂ ಕೂಡ ಬಂದರು. ಸಬ್‌ಸ್ಟೇಷನ್ನಿನಿಂದ ಲೈನ್ ಬಂದ್ ಮಾಡಿಸಿ, ಅಪ್ಪಿತಪ್ಪಿ ಕರೆಂಟ್ ಬಂದರೂ ನೆಲಕ್ಕಿಳಿಯಲಿ ಅಂತ ಭೂಮಿಗೆ ತಂತಿ ಕೊಟ್ಟೆವು. ಬಿದ್ದ ಕಂಬಗಳ ಪಕ್ಕದಲ್ಲಿ ಒಂದು ಕಂಬ ಮೆತ್ತಗಿನ ಕಪ್ಪು ಎರಿ ಮಣ್ಣಿನಲ್ಲಿ ವಾಲಿ ನಿಂತಿತ್ತು. ಮೊದಲು ಅದನ್ನು ಹತ್ತಿ, ಜಗ್ಗುತ್ತಿದ್ದ ತಂತಿ ಬಿಡಿಸಬೇಕು. ಕೆಳಗಿನವರು ನಾಲ್ಕೂ ಕಡೆ ಹಗ್ಗ ಬಿಗಿಹಿಡಿದು ಕಂಬ ಅಲುಗದಂತೆ ನೋಡಿಕೊಳ್ಳಬೇಕು. ಮೇಡಂ ಹಂಚಿದ ಪ್ರಕಾರ ಹತ್ತಬೇಕಾದವನು ಯಮನೂರಪ್ಪ.

ನಾನು ಅವನ ಮುಖ ನೋಡಿದೆ. ಕಣ್ಣು ಒಳಗೆ ಹೋಗಿದ್ದವು, ತುಟಿ ಒಣಗಿತ್ತು. ಮೇಡಂ ಹತ್ತಿರ ಹೋಗಿ, ಇವತ್ತು ಇವನು ಬೇಡ, ನಾನು ಹತ್ತುತ್ತೇನೆ ಅಂದೆ. ನಿಮಗೆ ರಿಟೈರ್ ಆಗುವ ವಯಸ್ಸು, ಅವರೇಕೆ ಬೇಡ ಅಂತ ಅವರು ಕೇಳಿದರು. ನಾನು ಉತ್ತರ ಕೊಡುವಷ್ಟರಲ್ಲಿ ಯಮನೂರಪ್ಪನೇ ಅಡ್ಡ ಬಂದ. "ನಾನ ಹತ್ತತೀನ್ರಿ ಮೇಡಂ. ಒಲ್ಲೆ ಅಂದಿಲ್ರಿ ನಾನು" ಅಂದ. ಅವನ ಸಂಕಟ ನನಗೆ ಆಗ ಪೂರ್ತಿ ಅರ್ಥವಾಯಿತು. ಹಗ್ಗ ಹಿಡಿದರೆ ಅದನ್ನೂ ರಿಪೋರ್ಟಿನಲ್ಲಿ ಬರೆದಾರು ಅನ್ನುವ ಭಯ. ನೌಕರಿ ಉಳಿಸಿಕೊಳ್ಳಲು ಜೀವ ಕೈಯಲ್ಲಿ ಹಿಡಿದು ಹತ್ತಲು ಹೊರಟಿದ್ದ. ಫಕೀರಪ್ಪ ಮೇಸ್ತ್ರಿಯ ಪದ್ಧತಿ ನಿಂತದ್ದು ಹೆದರಿಕೆ ಇಲ್ಲದ ಜಾಗದಲ್ಲಿ. ಹೆದರಿಕೆ ಬಂದ ಕೂಡಲೇ ಎಲ್ಲರೂ ನಗುಮುಖ ಹಾಕಿಕೊಂಡು ಕಂಬ ಹತ್ತುತ್ತಾರೆ.

ನನಗೆ ಸಿಟ್ಟು ನೆತ್ತಿಗೇರಿತು. ಕಂಬಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಮೇಡಂ ನನ್ನನ್ನು ಬಿಟ್ಟು ಅವನ ಕೈ ನೋಡಿದರು. ಸೊಂಟದ ಬೆಲ್ಟಿನ ಬಕಲು ಹಾಕಲು ಹೋಗುತ್ತಿದ್ದ, ಅದು ಕೂಡುತ್ತಿರಲಿಲ್ಲ. ದಿನಾ ಕಣ್ಣುಮುಚ್ಚಿ ಹಾಕುವ ಬಕಲು.

"ಯಮನೂರಪ್ಪ, ರಾತ್ರಿ ನಿದ್ದೆ ಮಾಡಿದ್ರಾ?" ಅಂದರು ಮೇಡಂ.

"ಇಲ್ರಿ."

"ಯಾಕೆ?"

"ರಿಪೋರ್ಟ್ ಇವತ್ತ ಹೋಗ್ತದಂತಲ್ರಿ ಮೇಡಂ."

ಮೇಡಂ ಬಿದ್ದ ತಂತಿ ದಾಟಿ ಅವನ ಎದುರಿಗೆ ಬಂದರು. ಆಮೇಲೆ, "ಬೆಲ್ಟ್ ಬಿಚ್ಚಿ. ಇವತ್ತು ನೀವು ಹಗ್ಗ" ಅಂದರು. "ಒಂದು ಮಾತು ತಿಳ್ಕೊಳ್ಳಿ. ಜಂಬ ಅಂದಿದ್ದಕ್ಕೆ ಯಾರ ಅನ್ನಾನೂ ಕಿತ್ಕೊಳ್ಳೋಳಲ್ಲ ನಾನು. ಬೇಜಾರಾಗಿತ್ತು, ಅಂದೆ. ಅಷ್ಟೇ."

ಯಮನೂರಪ್ಪ ಬೆಲ್ಟ್ ಹಿಡಿದುಕೊಂಡೇ ಹೊಲದ ಬದುವಿನ ಮೇಲೆ ಕುಸಿದು ಕೂತ. ನಾನು ಆಗ ಆ ಪದದ ಕಥೆ ಹೇಳಿದೆ, ಹಿಂದಿನ ಸಾಹೇಬರೆಲ್ಲರ ಜಂಬವನ್ನೂ ಕಂಬದ ಜೊತೆ ಹೀಗೇ ಎತ್ತಿದ್ದೇವೆ ಅಂತ. ಮೇಡಂ ನಗುತ್ತಾರೆ ಅಂದುಕೊಂಡಿದ್ದೆ. ಅವರ ಕಣ್ಣಲ್ಲಿ ನೀರು ಬಂತು.

"ನನ್ನ ಮಗಳಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಅಮ್ಮನ ಹತ್ರ ಬಿಟ್ಟು ಬಂದಿದೀನಿ. ಬಂದಾಗಿಂದ ನೋಡಿಲ್ಲ. ನೀವೆಲ್ಲ ದಿನಾ ಮುಖ ನೋಡ್ತೀರಲ್ಲ ಮೇಸ್ತ್ರಿಗಳೇ, ನನ್ನ ಮುಖ ಯಾರೂ ನೋಡ್ಲಿಲ್ಲ."

ನಾನು ತಲೆಯ ಮೇಲಿನ ಟವೆಲ್ ತೆಗೆದು ಬೆಲ್ಟು ಬಿಗಿದುಕೊಂಡೆ. ಹತ್ತುವಾಗ ನನ್ನ ಹೊಟ್ಟೆ ಕಂಬಕ್ಕೆ ಅಡ್ಡ ಬರುತ್ತಿತ್ತು. ಕೆಳಗಿನಿಂದ ಯಾರೋ, ಮೇಸ್ತ್ರಿ, ಮೊದಲು ಹೊಟ್ಟಿ ಮ್ಯಾಲ ಕಳಸ್ರಿ, ಆಮ್ಯಾಲೆ ನೀವು ಬರ್ರಿ ಅಂದ. ಎಷ್ಟು ದಿನದ ಮೇಲೆ ಕೇಳಿದ ಚೇಷ್ಟೆ ಅದು! ಬೈಗುಳ ಬಾಯಿಗೆ ಬಂದರೂ ಮನಸ್ಸಿಗೆ ತಂಪಾಯಿತು. ಮೇಲಿನಿಂದ ನೋಡಿದರೆ ಒಂದು ಹಗ್ಗವನ್ನು ಯಮನೂರಪ್ಪ ಹಿಡಿದಿದ್ದಾನೆ, ಅವನ ಹಿಂದೆ ಅದೇ ಹಗ್ಗಕ್ಕೆ ಮೇಡಂ ಕೈಹಚ್ಚಿ ನಿಂತಿದ್ದಾರೆ, ಚಪ್ಪಲಿ ಎರಿ ಮಣ್ಣಿನಲ್ಲಿ ಹೂತಿದೆ. ಕಂಬ ಒಂದಿಷ್ಟೂ ಅಲುಗಲಿಲ್ಲ.

ತಂತಿ ಬಿಡಿಸಿ ಇಳಿದ ಮೇಲೆ ಹೊಸ ಕಂಬ ಎತ್ತುವ ಸರದಿ. ಎಲ್ಲರೂ ಯಮನೂರಪ್ಪನ ಕಡೆ ನೋಡಿದೆವು. ಅವನಿಗೆ ಕೂಗಲು ಇನ್ನೂ ಧೈರ್ಯವಿಲ್ಲ. ಮೇಡಂ, "ಹಳೇ ಪದಾನೇ ಹೇಳಿ, ಹೊಸದು ಯಾಕೆ?" ಅಂದರು. ಅವನು ಮೊದಲು ಮೆಲ್ಲಗೆ, ಆಮೇಲೆ ಅರ್ಧ ಹರದಾರಿ ಕೇಳುವಂತೆ ಕೂಗಿದ. ಜಂಬ ಅನ್ನುವ ಸಾಲು ಬಂದಾಗ ಎಲ್ಲರಿಗಿಂತ ಜೋರಾಗಿ ಐಸಾ ಅಂದದ್ದು ಮೇಡಂ. ಕಂಬ ಹೂವಿನಂತೆ ಎದ್ದು ನಿಂತಿತು. ಇಳಿಹೊತ್ತಿಗೆ ಲಕ್ಕಲಕಟ್ಟಿಯ ನಲ್ಲಿಗೆ ನೀರು ಬಂತು, ಕೊಡ ಹಿಡಿದು ನಿಂತ ಹೆಣ್ಣುಮಕ್ಕಳು ಮೇಡಂಗೆ ಕುಂಕುಮ ಹಚ್ಚಿ ಕಳಿಸಿದರು. ಯಮನೂರಪ್ಪ ಆ ವರ್ಷವೇ ಖಾಯಂ ಆದ. ಈಗ ಅಲ್ಲಿ ಅವನೇ ಮೇಸ್ತ್ರಿ, ನೀವು ಮೂವರು ಸೇರಿರುವುದು ಅವನ ಗ್ಯಾಂಗಿಗೇ.

ಹುಡುಗರೇ, ನಗುನಗುತ್ತಾ ಇರುವುದು ಚಲೋ. ಆದರೆ ನಗು ಬಾರದ ದಿನ ನಗದೆಯೂ ಇರಬಹುದು ಅನ್ನುವ ಧೈರ್ಯ ಗ್ಯಾಂಗಿನಲ್ಲಿ ಎಲ್ಲರಿಗೂ ಇರಬೇಕು, ಸಾಹೇಬರಿಗೂ. ಇದನ್ನು ನಾನು ಅರವತ್ತರ ಹತ್ತಿರ ಬಂದು ಕಲಿತೆ, ನೀವು ಇಪ್ಪತ್ತೈದಕ್ಕೇ ಕಲಿತುಬಿಡಿ.

ಲಕ್ಕಲಕಟ್ಟಿಯ ಮರುದಿನ ಮುಂಜಾನೆ ನಾವು ಚಹಾ ಅಂಗಡಿಯಲ್ಲಿ ಕೂತಿದ್ದೆವು. ಮೇಡಂ ಬಂದು ನಮ್ಮ ಬೆಂಚಿನ ತುದಿಗೆ ಕೂತರು. ಅವರಿಗೂ ಒಂದು ಚಹಾ ಬಂತು. ನಾನು ಒಬ್ಬೊಬ್ಬರ ಮುಖ ನೋಡುತ್ತಾ ಬಂದೆ. ಮೇಡಂ ಮುಖದ ಮುಂದೆ ನನ್ನ ನಾಲಿಗೆ ತಡವರಿಸಿತು, ಎಷ್ಟಾದರೂ ಆಫೀಸರ್. ಯಮನೂರಪ್ಪ ತಡಮಾಡಲಿಲ್ಲ. ತನ್ನ ಬಸಿಯನ್ನು ಕೆಳಗಿಟ್ಟು, "ಮೇಡಂ, ಇವತ್ತ ನೀವು ಹಗ್ಗಾನೂ ಹಿಡೀಬ್ಯಾಡ್ರಿ. ಊರಿಗೆ ಹೋಗಿ ಕೂಸಿನ್ನ ನೋಡ್ಕೊಂಡ ಬರ್ರಿ. ಇಲ್ಲಿ ನಾವು ಅದೀವಿ" ಅಂದ. ಮೇಡಂ ಗ್ಲಾಸಿನಲ್ಲಿ ಉಳಿದ ಚಹಾ ಕುಡಿದು ಮುಗಿಸಿ, ಒಳಗೆ ಹೋಗಿ ರಜೆ ಚೀಟಿ ಬರೆದರು. ಬಸ್‌ಸ್ಟ್ಯಾಂಡಿನವರೆಗೆ ಅವರ ಚೀಲ ಹೊತ್ತುಕೊಂಡು ಹೋದವನು ಯಮನೂರಪ್ಪನೇ.